ಒಂದೇ ಮಾತ್ರೆಗೆ ಎರಡು ಬೆಲೆ

ಅಮೆರಿಕದ ಯಾವುದಾದರೊಂದು ಮಧ್ಯಮಗಾತ್ರದ ಊರಿನಲ್ಲಿ, ಕಚೇರಿಗಳು ಮುಚ್ಚಿ ಜನರು ಮನೆಯ ಹಾದಿ ಹಿಡಿಯುವ ಸಂಧ್ಯಾಸಮಯದಲ್ಲಿ, ದೊಡ್ಡ ಅಂಗಡಿಯೊಂದನ್ನು ಹೊಕ್ಕು, ಹಾಲು ಬ್ರೆಡ್ಡುಗಳ ಸಾಲನ್ನೂ ಶುಭಾಶಯ ಪತ್ರಗಳ ಸಾಲನ್ನೂ ದಾಟಿ ಕಟ್ಟಕಡೆಯ ಮೂಲೆಗೆ ನಡೆದರೆ, ಅಲ್ಲಿ ಔಷಧ ವಿತರಣೆಯ ಕಟ್ಟೆಯೂ, ಅದರ ಮುಂದೆ ತಾಳ್ಮೆಯಿಂದ ನಿಂತ ಜನರ ಸಾಲೂ ಕಾಣಸಿಗುವುವು. ಬಿಳಿಯ ಮೇಲಂಗಿಯ ಫಾರ್ಮಸಿಸ್ಟರು ಒಳಗೆ ಮಾತ್ರೆಗಳನ್ನು ಐದೈದಾಗಿ ಎಣಿಸಿ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಸೀಸೆಗಳಿಗೆ ತುಂಬಿ, ರೋಗಿಯ ಹೆಸರಿನ ಚೀಟಿಯನ್ನು ಅಂಟಿಸಿ, ಕಾಗದದ ಚೀಲದಲ್ಲಿಟ್ಟು ಪಿನ್ನು ಹೊಡೆಯುತ್ತಿರುತ್ತಾರೆ.

ಸರದಿ ಬಂದವರು ಹೆಸರನ್ನೂ ಹುಟ್ಟಿದ ತಾರೀಖನ್ನೂ ಹೇಳಿದೊಡನೆ, ಅವರ ವಿಮೆಯ ಕಾರ್ಡಿನ ಸಂಖ್ಯೆಗಳು ಕಂಪ್ಯೂಟರಿನ ಮೂಲಕ ಎಲ್ಲಿಗೋ ಹೋಗಿ, ಕ್ಷಣಾರ್ಧದಲ್ಲಿ ಉತ್ತರರೂಪವಾಗಿ ಒಂದು ಮೊತ್ತ ಬರುತ್ತದೆ. ರಕ್ತದೊತ್ತಡದ ಸಾಧಾರಣ ಮಾತ್ರೆಗೆ 38 ಡಾಲರ್ ಎಂದು ತೆರೆ ತೋರಿಸಿತೆನ್ನಿ. ಗಿರಾಕಿಯು ಮೊಬೈಲು ತೆಗೆದು, ಅದರಲ್ಲಿರುವ ರಿಯಾಯಿತಿ ಕೂಪನ್ನನ್ನು ಮುಂದೆ ಹಿಡಿದು, “ಇದರಲ್ಲಿ ಎಷ್ಟಾಗುತ್ತದೆ, ಸ್ವಲ್ಪ ನೋಡುತ್ತೀರಾ?” ಎಂದು ಕೇಳುತ್ತಾನೆ. ಫಾರ್ಮಸಿಸ್ಟರು ಆ ಕೂಪನ್ನಿನ ಸಂಖ್ಯೆಗಳನ್ನು ಒತ್ತಿದೊಡನೆ, ಅದೇ ಸೀಸೆಯ ಅದೇ ಮೂವತ್ತು ಮಾತ್ರೆಗಳ ಬೆಲೆ 14 ಡಾಲರಿಗೆ ಇಳಿಯುತ್ತದೆ.

ಇಂತಹ ಸನ್ನಿವೇಶ ಅಲ್ಲಿ ಅಪೂರ್ವವಲ್ಲ. ಮಕ್ಕಳ ಮನೆಯಲ್ಲಿ ಆರು ತಿಂಗಳಿದ್ದು ಊರಿಗೆ ಮರಳಿದ ತಾಯ್ತಂದೆಯರ ಬಾಯಿಂದ ಇದನ್ನು ಅರ್ಧಂಬರ್ಧವಾಗಿ ಕೇಳಿ ಬೆರಗಾದವರು ನಮ್ಮಲ್ಲಿಯೂ ಅನೇಕರಿದ್ದಾರೆ. ತಿಂಗಳು ತಿಂಗಳೂ ಸಂಬಳದಿಂದ ವಿಮೆಯ ಕಂತನ್ನು ಮುರಿಯಗೊಡುವವನಿಗೆ, ವಿಮೆಯೇ ಇಲ್ಲದವನಂತೆ ಹೋಗಿ ಕೊಂಡಾಗ ಔಷಧ ಅಗ್ಗವಾಗಿ ದೊರೆಯುವುದಾದರೆ, ಆ ವಿಮೆಯಿಂದ ಪ್ರಯೋಜನವೇನು? ಈ ಪ್ರಶ್ನೆ ಸಹಜವಾದದ್ದು. ಇದಕ್ಕೆ ಉತ್ತರ ಕಂಡುಕೊಳ್ಳಬೇಕಾದರೆ ಔಷಧಕ್ಕೆ ಬೆಲೆ ಕಟ್ಟುವವರು ಯಾರು, ಆ ಬೆಲೆ ಯಾವ ಯಾವ ಕೈಗಳನ್ನು ದಾಟಿ ರೋಗಿಯ ಮುಂದೆ ಬಂದು ನಿಲ್ಲುತ್ತದೆ ಎಂಬುದನ್ನು ಸ್ವಲ್ಪ ವ್ಯವಧಾನದಿಂದ ನೋಡಬೇಕಾಗುತ್ತದೆ.

ಸೀಸೆಯ ಮೇಲೆ ಬರೆಯದ ಬೆಲೆ

ನಮ್ಮ ದೇಶದಲ್ಲಿ ಮಾತ್ರೆಯ ಸ್ಟ್ರಿಪ್ಪನ್ನು ಹಿಂದುಮುಂದಾಗಿ ತಿರುಗಿಸಿದರೆ, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳುಗಳ ಜೊತೆಗೆ ಎಂ.ಆರ್.ಪಿ. ಎಂಬ ಗರಿಷ್ಠ ಬೆಲೆಯೂ ಮುದ್ರಿತವಾಗಿರುತ್ತದೆ. ಅದು ದುಬಾರಿಯೆಂದು ತೋರಬಹುದು. ಆದರೆ ಮೆಡಿಕಲ್ ಅಂಗಡಿಯವನು ಅದಕ್ಕೆ ಮೀರಿ ಒಂದು ಪೈಸೆಯನ್ನೂ ಕೇಳುವಂತಿಲ್ಲ. ಅಮೆರಿಕದ ಕಿತ್ತಳೆ ಸೀಸೆಯ ಮೇಲೆ ರೋಗಿಯ ಹೆಸರು, ವೈದ್ಯರ ಹೆಸರು, ಸೇವನೆಯ ಕ್ರಮ, ಇನ್ನೆಷ್ಟು ಸಲ ತುಂಬಿಸಿಕೊಳ್ಳಬಹುದೆಂಬ ಸಂಖ್ಯೆ ಎಲ್ಲವೂ ಇರುತ್ತವೆ. ಇಂತಹ ಮುದ್ರಿತ ಗರಿಷ್ಠ ಬೆಲೆ ಮಾತ್ರ ಇರುವುದಿಲ್ಲ.

ಅಲ್ಲಿ ಒಂದು ಔಷಧಕ್ಕೆ ಏಕಕಾಲದಲ್ಲಿ ಹಲವು ಬೆಲೆಗಳುಂಟು. ತಯಾರಕರು ಘೋಷಿಸುವ ಪಟ್ಟಿ ಬೆಲೆ ಒಂದು. ವಿಮೆಯ ಪರವಾಗಿ ಚೌಕಾಸಿ ಮಾಡಿ ನಿಗದಿಯಾದ ಒಪ್ಪಂದದ ಬೆಲೆ ಇನ್ನೊಂದು. ರಿಯಾಯಿತಿ ಕಾರ್ಡಿನ ಬೆಲೆ ಮತ್ತೊಂದು. ಯಾವ ಕಾರ್ಡೂ ಇಲ್ಲದೆ ನಗದು ಹಿಡಿದು ಬಂದವನಿಗೆ ಅಂಗಡಿಯವರು ಹೇಳುವ ‘ವಾಡಿಕೆಯ ಬೆಲೆ’ ಮಗದೊಂದು.

ಈ ವಾಡಿಕೆಯ ಬೆಲೆ ಸಾಮಾನ್ಯವಾಗಿ ಅತ್ಯಧಿಕವಾಗಿರುವುದಕ್ಕೆ ಒಂದು ಕಾರಣವಿದೆ. ವಿಮೆಯ ಕಡೆಯವರೊಡನೆ ಔಷಧಾಲಯಗಳು ಮಾಡಿಕೊಳ್ಳುವ ಕರಾರುಗಳಲ್ಲಿ, ಒಪ್ಪಂದದ ಬೆಲೆ ಮತ್ತು ವಾಡಿಕೆಯ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಪಾವತಿ ಮಾಡಲಾಗುವುದು ಎಂಬ ನಿಬಂಧನೆಯಿರುತ್ತದೆ. ಅಂಗಡಿಯವನು ಬಡವನೊಬ್ಬನನ್ನು ಕಂಡು ಕನಿಕರಪಟ್ಟು ತನ್ನ ವಾಡಿಕೆಯ ಬೆಲೆಯನ್ನು ಇಳಿಸಿದರೆ, ವಿಮೆಯಿಂದ ಬರಬೇಕಾದ ಹಣವೂ ಅದರೊಡನೆ ಇಳಿದುಹೋಗುತ್ತದೆ. ಆದುದರಿಂದ ಅವನು ಆ ಬೆಲೆಯನ್ನು ಎತ್ತರದಲ್ಲಿಯೇ ಇರಿಸುವನು. ಯಾವ ರಕ್ಷಣೆಯೂ ಇಲ್ಲದ ನಗದು ಗಿರಾಕಿಯು ಆ ಎತ್ತರದ ಬೆಲೆಗೆ ಸಿಕ್ಕಿಬೀಳುವನು. ಯಾರ ದುರುದ್ದೇಶವೂ ಇಲ್ಲದೆ, ಕೇವಲ ಕರಾರಿನ ಒಂದು ವಾಕ್ಯದಿಂದ, ಎಲ್ಲರಿಗಿಂತ ದುರ್ಬಲನಾದವನು ಎಲ್ಲರಿಗಿಂತ ಹೆಚ್ಚು ತೆರುವಂತಾಗುವ ಈ ಏರ್ಪಾಡು ಮನಸ್ಸಿಗೆ ನೋವುಂಟುಮಾಡತಕ್ಕದ್ದಾಗಿದೆ.

ನಡುವೆ ನಿಂತವರು

ವೈದ್ಯರು ಔಷಧ ಬರೆಯುತ್ತಾರೆ, ಔಷಧಾಲಯದವರು ಕೊಡುತ್ತಾರೆ, ವಿಮೆಯವರು ಹಣ ಕಟ್ಟುತ್ತಾರೆ ಎಂದು ಹೊರಗಿನವರು ಭಾವಿಸುವುದು ಸಹಜ. ಇವರೆಲ್ಲರ ನಡುವೆ, ಗಿರಾಕಿಯ ಕಣ್ಣಿಗೆ ಬೀಳದೆ, ಪಿ.ಬಿ.ಎಂ. ಎಂಬ ಸಂಕ್ಷಿಪ್ತನಾಮದ ಮಧ್ಯವರ್ತಿ ಸಂಸ್ಥೆಗಳಿವೆ. ಕಾರ್ಡಿನ ಸಂಖ್ಯೆಗಳು ಕಂಪ್ಯೂಟರಿನ ಮೂಲಕ ಹೋಗುವುದು ಇವರಲ್ಲಿಗೇ. ಮೊತ್ತವನ್ನು ಹೇಳಿ ಕಳುಹಿಸುವವರೂ ಇವರೇ.

1960ರ ದಶಕದ ಕೊನೆಯ ವೇಳೆಗೆ, ಕಾರ್ಮಿಕರಿಗೆ ಉದ್ಯೋಗದಾತರು ಔಷಧದ ಸೌಲಭ್ಯವನ್ನೂ ಒದಗಿಸತೊಡಗಿದಾಗ, ಕಂತೆಗಟ್ಟಲೆ ಬರುತ್ತಿದ್ದ ಔಷಧದ ಬಿಲ್ಲುಗಳನ್ನು ವಿಲೇವಾರಿ ಮಾಡುವ ಗುಮಾಸ್ತೆಗಾರಿಕೆಗಾಗಿ ಹುಟ್ಟಿಕೊಂಡ ಈ ಸಂಸ್ಥೆಗಳು, ಕಾಲಕ್ರಮದಲ್ಲಿ ಯಾವ ಔಷಧವನ್ನು ವಿಮೆಯ ಪಟ್ಟಿಗೆ ಸೇರಿಸಬೇಕು, ಯಾವುದನ್ನು ಯಾವ ಶ್ರೇಣಿಯಲ್ಲಿಡಬೇಕು, ರೋಗಿಯ ಪಾಲು ಎಷ್ಟಿರಬೇಕು, ಯಾವ ಅಂಗಡಿಗೆ ಎಷ್ಟು ಹಣ ಸಲ್ಲಬೇಕು ಎಂಬುದನ್ನೆಲ್ಲ ನಿರ್ಣಯಿಸುವ ಶಕ್ತಿಗಳಾಗಿ ಬೆಳೆದವು. ಇಂದು ಸಿ.ವಿ.ಎಸ್. ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್ ಎಂಬ ಮೂರು ಸಂಸ್ಥೆಗಳೇ ಆ ದೇಶದ ಔಷಧ ಚೀಟಿಗಳಲ್ಲಿ ನೂರಕ್ಕೆ ಸುಮಾರು ಎಂಬತ್ತರಷ್ಟನ್ನು ನಿರ್ವಹಿಸುತ್ತಿವೆ. ಮೂರಕ್ಕೂ ದೊಡ್ಡ ವಿಮಾ ಕಂಪೆನಿಗಳೊಡನೆ ಒಡೆತನದ ಸಂಬಂಧವಿದೆ.

ಇವರ ಆದಾಯದ ಮಾರ್ಗಗಳಲ್ಲಿ ಎರಡನ್ನು ತಿಳಿದರೆ ಬೆಲೆಯ ರಹಸ್ಯ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ. ಮೊದಲನೆಯದು ವ್ಯತ್ಯಾಸದ ಲಾಭ: ಔಷಧಾಲಯಕ್ಕೆ ಹತ್ತು ಡಾಲರ್ ಕೊಟ್ಟು, ಅದೇ ಔಷಧಕ್ಕೆ ವಿಮಾ ಯೋಜನೆಯಿಂದ ಹದಿನೈದು ಡಾಲರ್ ವಸೂಲು ಮಾಡಿ, ನಡುವಣ ಐದನ್ನು ಇಟ್ಟುಕೊಳ್ಳುವುದು. ಓಹಾಯೋ ರಾಜ್ಯದ ಲೆಕ್ಕಪರಿಶೋಧಕರು 2018ರಲ್ಲಿ ಹೊರಡಿಸಿದ ವರದಿಯ ಪ್ರಕಾರ, ಅಲ್ಲಿಯ ಬಡಜನರ ಮೆಡಿಕೈಡ್ ಯೋಜನೆಯೊಂದರಲ್ಲೇ ಒಂದು ವರ್ಷದ ಅವಧಿಯಲ್ಲಿ ಹೀಗೆ ನಡುವೆ ಉಳಿದುಹೋದ ಹಣ ಸುಮಾರು 22 ಕೋಟಿ 48 ಲಕ್ಷ ಡಾಲರ್.

ಎರಡನೆಯದು ತಯಾರಕರಿಂದ ಬರುವ ರಿಬೇಟು, ಅರ್ಥಾತ್ ಮಾರಾಟವಾದ ಮೇಲೆ ಹಿಂದಿರುಗುವ ಹಣ. ಪಟ್ಟಿ ಬೆಲೆ ಎಷ್ಟು ಎತ್ತರವೋ ಹಿಂದಿರುಗಿಸುವುದಕ್ಕೆ ಅಷ್ಟು ಹೆಚ್ಚು ಅವಕಾಶ. ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರಿಗೇ ಸಂಬಂಧಪಟ್ಟ ಒಂದು ನಿದರ್ಶನವಿದೆ. ಅದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು.

ಬೆಂಗಳೂರಿನ ಇನ್ಸುಲಿನ್, ಎರಡು ಹೆಸರು

ಬೆಂಗಳೂರಿನ ಬಯೋಕಾನ್ ಸಮೂಹವು ಮೈಲಾನ್ ಎಂಬ ಅಮೆರಿಕನ್ ಕಂಪೆನಿಯೊಡನೆ ಕೂಡಿ, ದೀರ್ಘಕಾಲ ಕೆಲಸಮಾಡುವ ಗ್ಲಾರ್ಜಿನ್ ಎಂಬ ಇನ್ಸುಲಿನ್ನನ್ನು ಸೆಂಗ್ಲೀ ಎಂಬ ಹೆಸರಿನಲ್ಲಿ ಸಿದ್ಧಪಡಿಸಿತು. ಮೂಲ ಬ್ರ್ಯಾಂಡಾದ ಲ್ಯಾಂಟಸ್‌ನ ಸ್ಥಾನದಲ್ಲಿ ವೈದ್ಯರನ್ನು ಮತ್ತೆ ಕೇಳದೆಯೇ ಔಷಧಾಲಯದವರು ಕೊಡಬಹುದಾದ ಇನ್ಸುಲಿನ್ ಎಂಬ ಮಾನ್ಯತೆಯನ್ನು 2021ರ ಜುಲೈಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಇದಕ್ಕೆ ನೀಡಿತು. ಇಂತಹ ಮಾನ್ಯತೆ ಪಡೆದ ಮೊಟ್ಟಮೊದಲ ಇನ್ಸುಲಿನ್ ಇದೇ. ದುಬಾರಿ ಇನ್ಸುಲಿನ್ನಿನಿಂದ ಬಳಲಿದ್ದ ಮಧುಮೇಹಿಗಳಿಗೆ ಇನ್ನು ಅಗ್ಗದ ಔಷಧ ದೊರೆಯುವುದೆಂದು ಎಲ್ಲರೂ ನಿರೀಕ್ಷಿಸಿದರು.

ಆದರೆ ಆ ವರ್ಷದ ನವೆಂಬರಿನಲ್ಲಿ ಆ ಮಾನ್ಯತೆಯೊಡನೆ ಅದು ಮಾರುಕಟ್ಟೆಗೆ ಇಳಿದಾಗ ಎರಡು ರೂಪಗಳಲ್ಲಿ ಇಳಿಯಿತು. ಸೆಂಗ್ಲೀ ಎಂಬ ಹೆಸರು ಹೊತ್ತ ಐದು ಪೆನ್ನುಗಳ ಪೆಟ್ಟಿಗೆಯ ಪಟ್ಟಿ ಬೆಲೆ ಸುಮಾರು 404 ಡಾಲರ್; ವ್ಯಾಪಾರನಾಮವಿಲ್ಲದ, ಒಳಗಿನ ದ್ರವದಲ್ಲಿ ಲವಲೇಶವೂ ಭೇದವಿಲ್ಲದ ಇನ್ನೊಂದು ಪೆಟ್ಟಿಗೆಯ ಬೆಲೆ ಸುಮಾರು 148 ಡಾಲರ್. ಎರಡೂ ಒಂದೇ ಔಷಧ. ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ತನ್ನ ರಾಷ್ಟ್ರೀಯ ಪಟ್ಟಿಯಲ್ಲಿ ಆದ್ಯತೆ ಕೊಟ್ಟದ್ದು ದುಬಾರಿ ಪೆಟ್ಟಿಗೆಗೆ.

ಹೊರನೋಟಕ್ಕೆ ವಿಚಿತ್ರವೆನಿಸುವ ಈ ಆಯ್ಕೆ ರಿಬೇಟಿನ ಲೆಕ್ಕಾಚಾರದಲ್ಲಿ ಸಂಪೂರ್ಣ ಸಂಗತವಾದದ್ದು. ರಿಬೇಟು ಕಳೆದ ಬಳಿಕ ದುಬಾರಿ ಪೆಟ್ಟಿಗೆಯ ನಿಜವಾದ ವೆಚ್ಚ ವಿಮಾ ಯೋಜನೆಗೆ ಬಹಳ ಕಡಿಮೆಯಾಗಬಹುದು. ಆದರೆ ವಿಮೆ ಹಣ ಕಟ್ಟಲು ಪ್ರಾರಂಭಿಸುವ ಮೊದಲು ರೋಗಿಯೇ ತೆರಬೇಕಾದ ವಾರ್ಷಿಕ ಮೊತ್ತವನ್ನು, ಅಲ್ಲಿಯವರು ಡಿಡಕ್ಟಿಬಲ್ ಎನ್ನುವುದನ್ನು, ಇನ್ನೂ ತುಂಬಿರದ ರೋಗಿಯು ಕಟ್ಟೆಯ ಮುಂದೆ ತೆರುವುದು ರಿಬೇಟು ಕಳೆದ ಬೆಲೆಯನ್ನಲ್ಲ. ಬಹುಮಟ್ಟಿಗೆ ಪಟ್ಟಿ ಬೆಲೆಯನ್ನು ಅನುಸರಿಸಿದ ಬೆಲೆಯನ್ನು. ಹಿಂದಿರುಗಿದ ಹಣದ ಪ್ರಯೋಜನ ಕಂತಿನ ರೂಪದಲ್ಲಿ ಎಲ್ಲರಿಗೂ ಅಷ್ಟಿಷ್ಟು ಹಂಚಿಹೋಗಬಹುದಾದರೂ, ಅದರ ಭಾರವನ್ನು ಹೊತ್ತವನು ಇನ್ಸುಲಿನ್ ಇಲ್ಲದೆ ಬದುಕಲಾರದವನು.

ವಿಮೆಯ ಪಾಲು ಔಷಧದ ಬೆಲೆಯನ್ನು ಮೀರಿದಾಗ

ಈಗ ಸಾಧಾರಣ ಜೆನೆರಿಕ್ ಮಾತ್ರೆಗಳ ವಿಷಯಕ್ಕೆ ಬರೋಣ. ಪೇಟೆಂಟು ಮುಗಿದ ಔಷಧಗಳನ್ನು ಇತರರು ತಯಾರಿಸಿ ಮಾರಲು 1984ರ ಕಾನೂನು ಹಾದಿಯನ್ನು ಸುಗಮಗೊಳಿಸಿದಂದಿನಿಂದ ಇವುಗಳ ಬಳಕೆ ಹೆಚ್ಚುತ್ತ ಬಂದು, ಇಂದು ಅಮೆರಿಕದಲ್ಲಿ ವಿತರಣೆಯಾಗುವ ಹತ್ತು ಔಷಧ ಚೀಟಿಗಳಲ್ಲಿ ಸುಮಾರು ಒಂಬತ್ತು ಜೆನೆರಿಕ್‌ಗಳವೇ ಆಗಿವೆ. ಮೆಟ್‌ಫಾರ್ಮಿನ್, ಅಮ್ಲೊಡಿಪಿನ್, ಅಟೋರ್ವಸ್ಟಾಟಿನ್ ಮೊದಲಾದ, ನಮ್ಮ ಮನೆಗಳಲ್ಲಿಯೂ ಪರಿಚಿತವಾದ ಈ ಮಾತ್ರೆಗಳ ತಯಾರಿಕೆಯ ವೆಚ್ಚ ಅತ್ಯಲ್ಪ.

ವಿಮೆಯಲ್ಲಿ ರೋಗಿಯ ಪಾಲನ್ನು ಎರಡು ರೀತಿಯಲ್ಲಿ ಗೊತ್ತುಪಡಿಸುತ್ತಾರೆ: ಬೆಲೆ ಏನೇ ಇರಲಿ ಒಂದು ಸಲಕ್ಕೆ ಇಷ್ಟು ಡಾಲರ್ ಎಂಬ ಕೋಪೇ, ಇಲ್ಲವೇ ಬೆಲೆಯಲ್ಲಿ ನೂರಕ್ಕೆ ಇಷ್ಟು ಎಂಬ ಭಾಗ. ಕೋಪೇ 15 ಡಾಲರೆಂದು ನಿಗದಿಯಾಗಿ, ಔಷಧದ ನಿಜವಾದ ವೆಚ್ಚ 6 ಡಾಲರಾದರೆ ಮಿಕ್ಕ ಒಂಬತ್ತು ಡಾಲರಿನ ಗತಿಯೇನು? ಅನೇಕ ಸಂದರ್ಭಗಳಲ್ಲಿ ಅದನ್ನು ಮಧ್ಯವರ್ತಿ ಸಂಸ್ಥೆಯು ಔಷಧಾಲಯದಿಂದ ಮರಳಿ ಸೆಳೆದುಕೊಳ್ಳುತ್ತಿತ್ತು.

ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು 2013ರ ಅಂಕಿಅಂಶಗಳನ್ನು ಪರಿಶೀಲಿಸಿ 2018ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 23 ಔಷಧ ಚೀಟಿಗಳಲ್ಲಿ ರೋಗಿಯು ಕೊಟ್ಟ ಕೋಪೇ ವಿಮೆಗೆ ತಗಲಿದ ವೆಚ್ಚಕ್ಕಿಂತ ಅಧಿಕವಾಗಿತ್ತು ಎಂದೂ, ಆ ಆಧಿಕ್ಯ ಸರಾಸರಿ 7.69 ಡಾಲರ್ ಎಂದೂ ಕಂಡುಬಂದಿತು. ಮೊತ್ತ ಚಿಕ್ಕದೆನಿಸಬಹುದು. ಆದರೆ ತಿಂಗಳಿಗೆ ಐದಾರು ಔಷಧಗಳನ್ನು ಕೊಳ್ಳುವ, ಪಿಂಚಣಿಯನ್ನೇ ನೆಚ್ಚಿದ ವೃದ್ಧೆಯೊಬ್ಬಳ ದೃಷ್ಟಿಯಿಂದ ನೋಡಿದರೆ ಅದು ಖಂಡಿತವಾಗಿಯೂ ಚಿಕ್ಕದಲ್ಲ.

ಇದಕ್ಕಿಂತಲೂ ಖೇದಕರವಾದ ಸಂಗತಿ, ಈ ವಿಷಯವನ್ನು ಗಿರಾಕಿಗೆ ತಿಳಿಸದಂತೆ ಔಷಧಾಲಯದವರ ಬಾಯಿ ಕಟ್ಟುವ ಷರತ್ತುಗಳು ಕೆಲವು ಕರಾರುಗಳಲ್ಲಿದ್ದದ್ದು. ನಗದು ಕೊಟ್ಟರೆ ಅಗ್ಗವಾಗುವುದೆಂದು ತಿಳಿದೂ, ಎದುರಿಗೆ ನಿಂತವಳ ಕಷ್ಟವನ್ನು ಕಣ್ಣಾರೆ ಕಂಡೂ, ಫಾರ್ಮಸಿಸ್ಟರು ಮೌನವಾಗಿರಬೇಕಾಗಿತ್ತು. ರೋಗಿಯ ಹಿತವನ್ನೇ ತಮ್ಮ ವೃತ್ತಿಯ ಧರ್ಮವೆಂದು ಕಲಿತು ಬಂದವರಿಗೆ ಇದಕ್ಕಿಂತ ದೊಡ್ಡ ಸಂಕಟ ಯಾವುದಿದ್ದೀತು? 2018ರ ಅಕ್ಟೋಬರ್ 10ರಂದು ಅಧ್ಯಕ್ಷರ ಸಹಿ ಬಿದ್ದ ಎರಡು ಕಾನೂನುಗಳು, ಒಂದು ಖಾಸಗಿ ವಿಮೆಗೂ ಇನ್ನೊಂದು ವೃದ್ಧರ ಮೆಡಿಕೇರ್ ಯೋಜನೆಗೂ ಅನ್ವಯಿಸುವಂತೆ, ಈ ಷರತ್ತುಗಳನ್ನು ನಿಷೇಧಿಸಿದವು.

ಆದರೆ ಇಲ್ಲೊಂದು ಸೂಕ್ಷ್ಮವುಂಟು. ಆ ಕಾನೂನುಗಳು ಫಾರ್ಮಸಿಸ್ಟರಿಗೆ ಹೇಳುವ ಸ್ವಾತಂತ್ರ್ಯವನ್ನು ಕೊಟ್ಟವೇ ಹೊರತು, ಹೇಳಲೇಬೇಕೆಂಬ ಕರ್ತವ್ಯವನ್ನು ವಿಧಿಸಲಿಲ್ಲ. ಸಾಲು ಉದ್ದವಿದ್ದು ಫೋನುಗಳು ಎಡೆಬಿಡದೆ ಮೊಳಗುತ್ತಿರುವ ಕಟ್ಟೆಯ ಹಿಂದೆ, ಪ್ರತಿಯೊಬ್ಬರಿಗೂ ಎರಡು ಬೆಲೆಗಳನ್ನು ಹೋಲಿಸಿ ಹೇಳುವಷ್ಟು ಬಿಡುವು ಅವರಿಗೂ ಇರುವುದಿಲ್ಲ. ಆದಕಾರಣ “ವಿಮೆ ಬಿಟ್ಟು ನಗದು ಕೊಟ್ಟರೆ ಎಷ್ಟು?” ಎಂಬ ಮಾತನ್ನು ಗಿರಾಕಿಯೇ ಬಾಯಿಬಿಟ್ಟು ಕೇಳಬೇಕು. ನಮ್ಮ ಹಿರಿಯರು ಇದಕ್ಕೆ ಸಂಕೋಚಪಡುವುದುಂಟು. ಇಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

ರಿಯಾಯಿತಿಯ ಹಾದಿಗಳು

ವಿಮೆಯ ಹೊರಗೆ ಅಗ್ಗದ ಬೆಲೆಯ ಆಲೋಚನೆಯನ್ನು ಮನೆಮನೆಗೆ ಮುಟ್ಟಿಸಿದ್ದು ವಾಲ್‌ಮಾರ್ಟ್. 2006ರ ಸೆಪ್ಟೆಂಬರಿನಲ್ಲಿ ಫ್ಲಾರಿಡದ ಟ್ಯಾಂಪಾ ಪ್ರದೇಶದಲ್ಲಿ, ಆಯ್ದ ಜೆನೆರಿಕ್ ಔಷಧಗಳನ್ನು ಒಂದು ತಿಂಗಳಿಗೆ 4 ಡಾಲರಿನಂತೆ ಕೊಡುವುದಾಗಿ ಅದು ಸಾರಿತು. ವಿಮೆ ಉಳ್ಳವರಿಗೂ ಇಲ್ಲದವರಿಗೂ ಒಂದೇ ದರ. ಪಟ್ಟಿಯನ್ನು ಯಾರು ಬೇಕಾದರೂ ನೋಡಿಕೊಳ್ಳಬಹುದು. ಸದಸ್ಯತ್ವದ ಮೇಲೆ ನಡೆಯುವ ಕಾಸ್ಟ್‌ಕೋ ಮಳಿಗೆಗಳಲ್ಲಿಯೂ ಔಷಧ ಕೊಳ್ಳುವುದಕ್ಕೆ ಮಾತ್ರ ಸದಸ್ಯರಾಗಿರಬೇಕಿಲ್ಲವೆಂಬುದು ಅಲ್ಲಿ ಬಹುಕಾಲದಿಂದ ನೆಲೆಸಿದವರಲ್ಲಿಯೂ ಅನೇಕರಿಗೆ ತಿಳಿಯದು.

ಕಾಸ್ಟ್‌ಕೋ ಸದಸ್ಯರು ನಗದಾಗಿ ತೆರುವ ಬೆಲೆಗೆ ಮೆಡಿಕೇರ್ ಔಷಧ ವಿಮೆಯ ವೆಚ್ಚವನ್ನು ಹೋಲಿಸಿದ 2021ರ ಅಧ್ಯಯನವೊಂದು, 184 ಸಾಮಾನ್ಯ ಜೆನೆರಿಕ್‌ಗಳಿಗಾಗಿ ಆ ವಿಮೆಯಲ್ಲಿ 2018ರ ಒಂದೇ ವರ್ಷ ಸುಮಾರು 260 ಕೋಟಿ ಡಾಲರ್ ಅಧಿಕವಾಗಿ ವ್ಯಯವಾಯಿತೆಂದು ತೋರಿಸಿತು. ಕೋಟ್ಯಂತರ ಜನರ ಪರವಾಗಿ ಚೌಕಾಸಿ ಮಾಡುವ ಬಲವುಳ್ಳ ಯೋಜನೆಯು ಒಬ್ಬಂಟಿ ಗಿರಾಕಿಗಿಂತ ಹೆಚ್ಚು ತೆತ್ತಿತು ಎಂಬುದು ಗಂಭೀರವಾಗಿ ವಿಚಾರಿಸತಕ್ಕ ವಿಷಯ.

ಇನ್ನು ಮೊಬೈಲಿನ ಕೂಪನ್ನುಗಳು. 2011ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾದಲ್ಲಿ ಆರಂಭವಾದ ಗುಡ್‌ಆರ್‌ಎಕ್ಸ್ ಇವುಗಳಲ್ಲಿ ಸುಪ್ರಸಿದ್ಧವಾದದ್ದು. ಔಷಧದ ಹೆಸರನ್ನೂ ಊರಿನ ಪಿನ್‌ಕೋಡನ್ನೂ ಒತ್ತಿದರೆ ಸುತ್ತಮುತ್ತಲಿನ ಒಂದೊಂದು ಅಂಗಡಿಯ ಬೆಲೆಯನ್ನೂ ಅದು ಸಾಲಾಗಿ ತೋರಿಸುತ್ತದೆ. ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ ಬೆಲೆ ಇಮ್ಮಡಿ ಮುಮ್ಮಡಿಯಾಗಿರುವುದನ್ನು ಅಲ್ಲಿ ಕಾಣಬಹುದು. ಇದನ್ನು ಧರ್ಮಕಾರ್ಯವೆಂದು ಭಾವಿಸಬೇಕಾಗಿಲ್ಲ. ಆ ಕೂಪನ್ನು ವಾಸ್ತವವಾಗಿ ಯಾವುದಾದರೊಂದು ಪಿ.ಬಿ.ಎಂ. ಸಂಸ್ಥೆ ಅಂಗಡಿಯೊಡನೆ ಮಾಡಿಕೊಂಡ ಒಪ್ಪಂದದ ಬೆಲೆಯನ್ನೇ ವಿಮೆಯಿಲ್ಲದವನಿಗೂ ತೆರೆದಿಡುತ್ತದೆ. ಪ್ರತಿ ಮಾರಾಟಕ್ಕೂ ಅಂಗಡಿಯವರು ಆ ಸಂಸ್ಥೆಗೆ ಶುಲ್ಕ ತೆರುತ್ತಾರೆ. ಅದರಲ್ಲೊಂದು ಪಾಲು ಕೂಪನ್ನಿನ ಕಂಪೆನಿಗೆ ಸಲ್ಲುತ್ತದೆ. ಈ ಶುಲ್ಕ ಕಳೆದ ಮೇಲೆ ಸ್ವಂತ ಬಂಡವಾಳದ ಚಿಕ್ಕ ಔಷಧಾಲಯದವನಿಗೆ ಕೆಲವೊಮ್ಮೆ ನಷ್ಟವೇ ಉಳಿಯುವುದುಂಟು. ಅಂಥವನಲ್ಲಿ ಕೂಪನ್ನನ್ನು ತೋರಿಸುವ ಮೊದಲು ಅವನ ನೇರ ನಗದು ಬೆಲೆಯನ್ನು ಕೇಳುವುದು ಲೇಸು. ಅನೇಕ ವೇಳೆ ಅವನೇ ಅಷ್ಟಕ್ಕೆ ಕೊಟ್ಟಾನು.

ಮೂರನೆಯ ಹಾದಿ ಮಧ್ಯವರ್ತಿಯನ್ನೇ ಬಿಟ್ಟುಬಿಡುವುದು. ಅಲೆಕ್ಸ್ ಓಷ್‌ಮ್ಯಾನ್‌ಸ್ಕಿ ಎಂಬ ವೈದ್ಯರ ಯೋಜನೆಗೆ ಉದ್ಯಮಿ ಮಾರ್ಕ್ ಕ್ಯೂಬನ್ ಬೆಂಬಲವಾಗಿ ನಿಂತುದರ ಫಲವಾಗಿ 2022ರ ಜನವರಿಯಲ್ಲಿ ತೆರೆದ ಕಾಸ್ಟ್ ಪ್ಲಸ್ ಡ್ರಗ್ಸ್ ಎಂಬ ಅಂಚೆ ಔಷಧಾಲಯವು, ತಾನು ಔಷಧವನ್ನು ಕೊಂಡ ಬೆಲೆಯನ್ನು ಬಹಿರಂಗವಾಗಿ ತಿಳಿಸಿ, ಅದರ ಮೇಲೆ ನೂರಕ್ಕೆ 15ರಷ್ಟನ್ನೂ ಫಾರ್ಮಸಿಸ್ಟರ ಕೆಲಸದ ಶುಲ್ಕವನ್ನೂ ಅಂಚೆಯ ವೆಚ್ಚವನ್ನೂ ಮಾತ್ರ ಸೇರಿಸುತ್ತದೆ. ರಕ್ತದ ಕ್ಯಾನ್ಸರಿನ ಒಂದು ಬಗೆಗೆ ಕೊಡುವ ಇಮಾಟಿನಿಬ್ ಮಾತ್ರೆಯನ್ನು, ಚಿಲ್ಲರೆ ಬೆಲೆ ಸಾವಿರಾರು ಡಾಲರೆಂದು ಹೇಳಲಾಗುತ್ತಿದ್ದ ಕಾಲದಲ್ಲಿ, ಅದು ತಿಂಗಳಿಗೆ 47 ಡಾಲರಿಗೆ ಕೊಡಲಾರಂಭಿಸಿತು. ಆ ಒಂದು ಅಂಕಿಯನ್ನು ಕಂಡಾಗ, ಅಷ್ಟು ವರ್ಷ ಆ ಮಾತ್ರೆಗಾಗಿ ಮನೆಯನ್ನೇ ಒತ್ತೆಯಿಟ್ಟವರಿದ್ದರೆ ಅವರ ಮನಸ್ಸಿಗೆ ಏನೆನ್ನಿಸಿರಬಹುದು ಎಂಬ ಯೋಚನೆ ಬಾರದಿರಲಾರದು.

ಲೆಕ್ಕ ಮಾಡುವ ಬಗೆ

ಹಾಗಾದರೆ ಎಲ್ಲವನ್ನೂ ರಿಯಾಯಿತಿ ಕಾರ್ಡಿನಲ್ಲಿಯೇ ಕೊಂಡರಾಗದೆ? ಇಲ್ಲಿ ಆತುರ ಸಲ್ಲದು. ಕಾರ್ಡನ್ನೂ ವಿಮೆಯನ್ನೂ ಒಂದೇ ಖರೀದಿಗೆ ಒಟ್ಟಿಗೆ ಬಳಸುವಂತಿಲ್ಲ. ಮತ್ತು ಕಾರ್ಡಿನಲ್ಲಿ ಕೊಟ್ಟ ಹಣ ಸಾಮಾನ್ಯವಾಗಿ ವಿಮೆಯ ಡಿಡಕ್ಟಿಬಲ್ಲಿನ ಲೆಕ್ಕಕ್ಕೆ ಸೇರುವುದಿಲ್ಲ.

ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡೋಣ. ಕುಟುಂಬವೊಂದರ ಡಿಡಕ್ಟಿಬಲ್ 2000 ಡಾಲರ್. ಒಂದು ಮಾತ್ರೆಗೆ ವಿಮೆಯ ಮೂಲಕ ತಿಂಗಳಿಗೆ 40, ಕಾರ್ಡಿನ ಮೂಲಕ 15. ವರ್ಷವಿಡೀ ಎಲ್ಲರೂ ಆರೋಗ್ಯವಾಗಿದ್ದು ಆ 2000ದ ಹತ್ತಿರಕ್ಕೂ ಹೋಗದಿದ್ದರೆ, ಕಾರ್ಡಿನಿಂದ ಉಳಿಯುವುದು ನಿವ್ವಳ 300 ಡಾಲರ್. ಹಾಗಾಗದೆ, ಎಂಟು ತಿಂಗಳು ಕಾರ್ಡಿನಲ್ಲಿ ಕೊಂಡ ಮೇಲೆ ಸೆಪ್ಟೆಂಬರಿನಲ್ಲಿ ಮನೆಯವರೊಬ್ಬರಿಗೆ ಶಸ್ತ್ರಚಿಕಿತ್ಸೆಯಾಗಿ ಆ 2000ವನ್ನೂ ಪೂರ್ತಿಯಾಗಿ ಕಟ್ಟಬೇಕಾಗಿ ಬಂದರೆ, ಅಷ್ಟರವರೆಗೆ ಹೊರಗೆ ಕೊಟ್ಟ 120 ಡಾಲರ್ ಯಾವ ಲೆಕ್ಕಕ್ಕೂ ಬಾರದೆ ಹೋಗುತ್ತದೆ. ಅಂದರೆ ಈ ಲೆಕ್ಕದಲ್ಲಿ ನಷ್ಟ 120. ಲಾಭ 300. ಸಾಧಾರಣ ಆರೋಗ್ಯದ ಕುಟುಂಬಕ್ಕೆ ಕಾರ್ಡು ಮೇಲೆನಿಸುವುದು ಇದರಿಂದಲೇ. ಆದರೆ ವರ್ಷದ ಆದಿಯಲ್ಲಿಯೇ ಹೆರಿಗೆಯೋ ಶಸ್ತ್ರಚಿಕಿತ್ಸೆಯೋ ನಿಶ್ಚಯವಾಗಿದ್ದರೆ, ಎಲ್ಲ ಖರ್ಚನ್ನೂ ವಿಮೆಯ ಮೂಲಕವೇ ನಡೆಸುವುದು ವಿವೇಕ.

ದುಬಾರಿ ಬ್ರ್ಯಾಂಡ್ ಔಷಧಗಳ ವಿಷಯದಲ್ಲಂತೂ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ರಿಯಾಯಿತಿ ಕಾರ್ಡು ಬೆಲೆಯನ್ನು ಅಲ್ಪಸ್ವಲ್ಪ ತಗ್ಗಿಸೀತೇ ವಿನಾ ಕೈಗೆ ಎಟಕುವಂತೆ ಮಾಡಲಾರದು. 2022ರ ಆಗಸ್ಟಿನಲ್ಲಿ ಆದ ಶಾಸನದ ಫಲವಾಗಿ ಮೆಡಿಕೇರ್ ಔಷಧ ವಿಮೆಯಲ್ಲಿ ವೃದ್ಧರು ತಮ್ಮ ಕೈಯಿಂದ ತೆರಬೇಕಾದ ವಾರ್ಷಿಕ ಹಣಕ್ಕೆ 2025ರಿಂದ 2000 ಡಾಲರಿನ ಮೇರೆಯನ್ನು ಕಟ್ಟಲಾಗಿದೆ. ಆ ಮೊತ್ತ ವರ್ಷವರ್ಷವೂ ಸ್ವಲ್ಪ ಪರಿಷ್ಕೃತವಾಗುತ್ತದೆ. ಇನ್ಸುಲಿನ್ನಿಗೆ 2023ರಿಂದಲೇ ತಿಂಗಳಿಗೆ 35 ಡಾಲರಿನ ಮಿತಿಯುಂಟು. ಇಂತಹ ರಕ್ಷಣೆಯನ್ನು ಬಿಟ್ಟು ಕೂಪನ್ನಿನ ಹಿಂದೆ ಹೋಗುವುದು ತನಗೆ ತಾನೇ ಅನ್ಯಾಯ ಮಾಡಿಕೊಂಡಂತೆ.

ಹಣದ ಲೆಕ್ಕಕ್ಕೆ ಸಿಕ್ಕದ ಎರಡು ಸಂಗತಿಗಳನ್ನೂ ಹೇಳಬೇಕು. ಅಗ್ಗದ ಬೆಲೆಯನ್ನು ಅರಸಿ ಒಂದು ಮಾತ್ರೆಯನ್ನು ಈ ಅಂಗಡಿಯಲ್ಲಿ, ಇನ್ನೊಂದನ್ನು ಆ ಅಂಗಡಿಯಲ್ಲಿ, ಮೂರನೆಯದನ್ನು ಅಂಚೆಯಲ್ಲಿ ತರಿಸಿಕೊಂಡರೆ, ಒಂದು ಔಷಧ ಇನ್ನೊಂದರೊಡನೆ ಸೇರಿ ಕೆಡುಕು ಮಾಡೀತೆಂದು ಎಚ್ಚರಿಸಬೇಕಾದ ಫಾರ್ಮಸಿಸ್ಟರ ಮುಂದೆ ಪೂರ್ಣ ಪಟ್ಟಿ ಇರುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ತಮ್ಮ ಎಲ್ಲ ಮಾತ್ರೆಗಳ ಹೆಸರುಗಳನ್ನೂ ಬರೆದು ಪ್ರತಿಯೊಂದು ಅಂಗಡಿಯಲ್ಲಿಯೂ ತೋರಿಸತಕ್ಕದ್ದು. ಇನ್ನೊಂದು, ಗೋಪ್ಯತೆ. ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಜಾಹೀರಾತು ಕಂಪೆನಿಗಳೊಡನೆ ಹಂಚಿಕೊಂಡಿತೆಂಬ ಆಪಾದನೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಫೆಬ್ರವರಿಯಲ್ಲಿ ಗುಡ್‌ಆರ್‌ಎಕ್ಸ್ ವಿರುದ್ಧ ಕ್ರಮ ಕೈಗೊಂಡಾಗ, ಆ ಕಂಪೆನಿಯು 15 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು.

ತಾಯ್ತಂದೆಯರು ಹೋದಾಗ

ಊರಿನಿಂದ ಮಕ್ಕಳ ಮನೆಗೆ ಹೋಗುವ ಹಿರಿಯರ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹುಳಿಪುಡಿಗಳೊಡನೆ ಆರು ತಿಂಗಳ ಮಾತ್ರೆಗಳೂ ಇರುವುದು ವಾಡಿಕೆ. ಜೊತೆಗೆ ವೈದ್ಯರ ಚೀಟಿಯೂ ಇರಬೇಕು. ಪ್ರವಾಸಿಗಳಿಗೆಂದು ಮಾರುವ ವಿಮೆಗಳು ಸಾಮಾನ್ಯವಾಗಿ ಮೊದಲಿನಿಂದಲೂ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ದಿನನಿತ್ಯದ ಔಷಧಕ್ಕೆ ಹಣ ಕೊಡುವುದಿಲ್ಲ. ಮಾತ್ರೆ ಮುಗಿದರೆ, ಇಲ್ಲಿಯ ವೈದ್ಯರ ಚೀಟಿಯನ್ನು ಅಲ್ಲಿಯ ಔಷಧಾಲಯ ಸಾಮಾನ್ಯವಾಗಿ ಒಪ್ಪದ ಕಾರಣ, ಅಲ್ಲಿಯ ವೈದ್ಯರೊಬ್ಬರನ್ನು ಕಂಡು ಹೊಸದಾಗಿ ಬರೆಸಿಕೊಳ್ಳಬೇಕು. ಆಗ ಕಂಪೆನಿಯ ಹೆಸರಿಗಿಂತ ಮೂಲ ಔಷಧದ ಹೆಸರು ನೆರವಾಗುತ್ತದೆ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸೆಟಮಿನೋಫೆನ್. ಉಬ್ಬಸದ ಸಾಲ್ಬುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್. ವಿಮೆಯ ನೆರವೇ ಇಲ್ಲದ ಇವರಿಗೆ ರಿಯಾಯಿತಿ ಕಾರ್ಡು ನಿಜವಾದ ಆಸರೆ. ಅಮ್ಮ ಅಪ್ಪನಿಗೆ ಔಷಧ ತರಲು ಹೊರಡುವ ಮಗನೋ ಮಗಳೋ ಮನೆಯಲ್ಲಿಯೇ ಎರಡು ನಿಮಿಷ ಕುಳಿತು ಹತ್ತಿರದ ಅಂಗಡಿಗಳ ಬೆಲೆಯನ್ನು ನೋಡಿಕೊಂಡು ಹೋದರೆ ಸಾಕು.

ಗ್ರೀನ್‌ಕಾರ್ಡು ಪಡೆದು ಅಲ್ಲಿಯೇ ನೆಲೆಸುವ ಹಿರಿಯರ ವಿಷಯ ಬೇರೆ. 65 ವರ್ಷ ತುಂಬಿ, ಐದು ವರ್ಷ ನಿರಂತರವಾಗಿ ಅಲ್ಲಿ ವಾಸಮಾಡಿದ ಬಳಿಕ ಅವರು ಕಂತು ಕಟ್ಟಿ ಮೆಡಿಕೇರ್‌ಗೆ ಸೇರಬಹುದು. ‘ನಮ್ಮದು ಅಗ್ಗದ ಎರಡು ಮಾತ್ರೆ, ಕೂಪನ್ನಿನಲ್ಲಿಯೇ ಸಾಗುತ್ತದೆ’ ಎಂದು ಔಷಧ ವಿಮೆಯ ಭಾಗವನ್ನು ಮಾತ್ರ ಬಿಟ್ಟುಬಿಡುವವರುಂಟು. ರಿಯಾಯಿತಿ ಕಾರ್ಡನ್ನು ಸರಕಾರ ವಿಮೆಯೆಂದು ಪರಿಗಣಿಸುವುದಿಲ್ಲ. ಮೊದಲ ಸೇರ್ಪಡೆಯ ಅವಧಿ ಮುಗಿದ ಮೇಲೆ ಸತತವಾಗಿ 63 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಮಾನ್ಯವಾದ ಔಷಧ ವಿಮೆಯಿಲ್ಲದೆ ಕಳೆದರೆ, ಹಾಗೆ ಕಳೆದ ಪ್ರತಿಯೊಂದು ಪೂರ್ಣ ತಿಂಗಳಿಗೂ ರಾಷ್ಟ್ರೀಯ ಮೂಲಕಂತಿನ ನೂರಕ್ಕೆ ಒಂದರಷ್ಟು ದಂಡ ಸೇರುತ್ತ ಹೋಗಿ, ಮುಂದೆ ವಿಮೆ ಕೊಂಡಾಗ, ಆ ವಿಮೆ ಇರುವಷ್ಟು ಕಾಲವೂ ಅದನ್ನು ಕಂತಿನೊಡನೆ ತೆರಬೇಕಾಗುತ್ತದೆ. 2025ರಲ್ಲಿ ಮೂಲಕಂತು 36.78 ಡಾಲರ್ ಇತ್ತು; ಆ ಲೆಕ್ಕದಲ್ಲಿ ಮೂರು ವರ್ಷ ತಡಮಾಡಿದವರಿಗೆ ತಿಂಗಳಿಗೆ ಸುಮಾರು 13 ಡಾಲರ್ ಹೊರೆ.

ಆದುದರಿಂದ ಅಂತಹವರು ಮೊದಲ ಅವಕಾಶದಲ್ಲಿಯೇ ಕಡಿಮೆ ಕಂತಿನ ಯೋಜನೆಯೊಂದಕ್ಕೆ ಸೇರಿಕೊಂಡು, ಅಗ್ಗದ ಮಾತ್ರೆಗಳಿಗೆ ಮಾತ್ರ ಎರಡು ಬೆಲೆಗಳನ್ನೂ ಕೇಳಿ ಕೊಳ್ಳುವುದು ಕ್ಷೇಮ. ಯೋಜನೆಗಳ ಔಷಧಪಟ್ಟಿಯೂ ಕಂತೂ ವರ್ಷವರ್ಷವೂ ಬದಲಾಗುವುದರಿಂದ, ಅವನ್ನು ಮತ್ತೆ ಪರಿಶೀಲಿಸಿ ಬೇರೆಯದಕ್ಕೆ ಸೇರುವ ಕಾಲ ಪ್ರತಿವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ತೆರೆದಿರುತ್ತದೆ.